ಎರಡು ಪಟ್ಟಿಯಲ್ಲಿದ್ದ ಅಜ್ಜಿ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಕೋಲಾರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಒಂದು ದಿನ ಮುಳಬಾಗಿಲಿನಿಂದ ದೊಡ್ಡಪ್ಪ ನಮ್ಮ ವಂಶಾವಳಿಯ ನೋಟ್‌ಬುಕ್ ಹಿಡಿದು ಬಂದರು. "ಇದನ್ನ ನಿನ್ನ ಕಂಪ್ಯೂಟರಿಗೆ ಹಾಕಮ್ಮ" ಅಂದರು. ನಮ್ಮ ಮನೆತನದ ಜೊತೆ ಹೆಣ್ಣು ಕೊಟ್ಟು ತಂದ ಸಂಬಂಧವಿದ್ದ ಶ್ರೀನಿವಾಸಪುರದ ಮೇಷ್ಟ್ರೊಬ್ಬರೂ ತಮ್ಮ ಮನೆತನದ ಪಟ್ಟಿ ಬರೆದಿಟ್ಟಿದ್ದರು. ಎರಡನ್ನೂ ಒಂದಕ್ಕೊಂದು ಜೋಡಿಸೋಣವೆಂದು ನಾನೇ ಆಸೆ ಹುಟ್ಟಿಸಿದೆ.

ಕೂತ ಮೇಲೆ ಕಷ್ಟ ಗೊತ್ತಾಯಿತು. ಯಾರನ್ನು ಯಾವುದರಿಂದ ಗುರುತಿಸುವುದು? ನಮ್ಮಲ್ಲಿ ತಾತನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ತಂದೆಯ ಹೆಸರು ಸೇರಿಸಿದರೂ ಅದೇ ಜೋಡಿ ನಾಲ್ಕು ಕಡೆ ಬಂತು. ದೊಡ್ಡಪ್ಪ ತಲೆಮಾರು, ಮನೆ, ಹುಟ್ಟಿದ ಕ್ರಮ ಕೂಡಿಸಿ ನಂಬರು ಮಾಡಿದರು. ನೋಡಿದ ತಕ್ಷಣ ಯಾವ ಮನೆಯವರು ಅಂತ ತಿಳಿಯಬೇಕು ಎಂಬುದು ಅವರ ಹಟ. ಮೇಷ್ಟ್ರು ಒಂದು ಹೆಸರಿನ ಮೇಲೆ ಬೆರಳಿಟ್ಟು, "ಇವನನ್ನ ದತ್ತು ಕೊಟ್ರಲ್ಲ ಸ್ವಾಮಿ, ಈಗ ಇವನು ಯಾವ ಮನೆ?" ಅಂದರು. ದೊಡ್ಡಪ್ಪ ಕನ್ನಡಕ ತೆಗೆದು ಒರೆಸತೊಡಗಿದರು.

ಇನ್ನೊಂದು ಗಂಟು ದೊಡ್ಡಪ್ಪನ ಸ್ವಂತ ಸೋದರತ್ತೆಯದು. ದೊಡ್ಡಪ್ಪ ಹುಟ್ಟುವ ಮೊದಲೇ ಆಕೆಯನ್ನು ಶ್ರೀನಿವಾಸಪುರಕ್ಕೆ ಮದುವೆ ಮಾಡಿಕೊಟ್ಟಿದ್ದರು. ಆಮೇಲೆ ಎರಡು ಮನೆಗೂ ಏನೋ ಮನಸ್ತಾಪವಾಗಿ ಹೋಗಿಬರುವುದು ನಿಂತಿತ್ತು. ಮೇಷ್ಟ್ರ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಆದರೆ ಗಂಡನ ಹೆಸರು ಸಿಕ್ಕಿತು. ಅದರ ಪಕ್ಕದಲ್ಲಿ ಹೆಂಡತಿಯೆಂದು ಬೇರೊಂದು ಹೆಸರು, ತವರು 'ಮುಳಬಾಗಿಲು ಕಡೆ'.

"ಎರಡನೇ ಹೆಂಡತಿಯೇನೋ" ಅಂದರು ದೊಡ್ಡಪ್ಪ.

"ಆಕೆ ಇನ್ನೂ ಇದಾರೆ, ಮಾಲೂರಲ್ಲಿ ಮಗಳ ಹತ್ರ. ಕೇಳೇ ಬಿಡೋಣ" ಅಂದರು ಮೇಷ್ಟ್ರು.

ಭಾನುವಾರ ಮೂವರೂ ಹೋದೆವು. ಅಜ್ಜಿ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ದೊಡ್ಡಪ್ಪ ಎದುರಿಗೆ ಕೂತು, ನಮ್ಮ ಪಟ್ಟಿಯಲ್ಲಿದ್ದ ಹೆಸರು ಹಿಡಿದು ಕರೆದರು. ಅದೊಂದು ನದಿಯ ಹೆಸರು. ಅಜ್ಜಿಯ ಕೈ ನಿಂತಿತು.

"ಎವರು ಚೆಪ್ಪಿನಾರು ನೀಕು?" ಎಂದರು ತೆಲುಗಿನಲ್ಲಿ. ಯಾರು ಹೇಳಿದ್ದು ನಿನಗೆ ಅಂತ.

"ನಾನು ನಿಮ್ಮ ಅಣ್ಣನ ಮಗ, ಅತ್ತೆ."

ಅಜ್ಜಿ ಅವರ ಮುಖವನ್ನೇ ತುಂಬಾ ಹೊತ್ತು ನೋಡಿದರು. ಆಮೇಲೆ ಹೇಳಿದರು. ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಗಂಡ ಉಂಗುರದಿಂದ ಹೊಸ ಹೆಸರು ಬರೆದನಂತೆ. "ನನ್ನ ತವರಿನ ಹೆಸರೇ ನಮ್ಮತ್ತೆಗೂ ಇತ್ತು. ಸೊಸೆಯನ್ನ ಬೈಯೋವಾಗ ಅತ್ತೆ ಹೆಸರು ಬಾಯಿಗೆ ಬರಬಾರದಲ್ಲ!"

ಅಡುಗೆಮನೆಯಿಂದ ಮಗಳು ಹೊರಗೆ ಬಂದರು. "ನಂಗೇ ಹೇಳಿಲ್ವಲ್ಲಮ್ಮ ನೀನು?"

"ನೀನು ಕೇಳಲಿಲ್ವಲ್ಲೇ."

ಆಮೇಲೆ ಅಜ್ಜಿ ನನ್ನ ಕಡೆ ತಿರುಗಿದರು. "ಈಗ ಯಾವ ಹೆಸರು ಬರ್ಕೋತೀಯ?"

"ಎರಡೂ ಅಜ್ಜಿ. ನಂಬರು ಮಾತ್ರ ಒಂದೇ."

"ಅದನ್ನ ನಾನು ಹೋದ್ಮೇಲೆ ಇನ್ಯಾರಿಗಾದ್ರೂ ಕೊಡ್ತೀರಾ?"

"ಇಲ್ಲ, ಯಾರಿಗೂ ಕೊಡಲ್ಲ."

ಅಜ್ಜಿ ತಲೆಯಾಡಿಸಿ ಇನ್ನೊಂದು ಕಾಯಿ ಕೈಗೆತ್ತಿಕೊಂಡರು.

ವಾಪಸು ಬರುವ ಬಸ್ಸಿನಲ್ಲಿ, ಕೋಲಾರ ಹತ್ತಿರವಾದಾಗ, ದೊಡ್ಡಪ್ಪ "ಯಾವ ಅರ್ಥವೂ ಇಲ್ಲದ ನಂಬರೇ ಹಾಕಮ್ಮ. ಮನೆ ಬದಲಾಗುತ್ತೆ, ಹೆಸರು ಬದಲಾಗುತ್ತೆ. ಅದನ್ನೆಲ್ಲ ಪಕ್ಕದಲ್ಲಿ ಬರ್ಕೋ" ಅಂದರು. ಹಾಗೇ ಮಾಡಿದೆ. ಎಲ್ಲ ಹೆಂಗಸರನ್ನೂ ಮದುವೆಗೆ ಮುಂಚಿನ ಹೆಸರು ಕೇಳುತ್ತಾ ಹೋದೆವು. ಪಟ್ಟಿಯಲ್ಲಿ ಇಬ್ಬರಾಗಿದ್ದ ಎಷ್ಟೋ ಜನ ಒಬ್ಬರಾದರು.

ದೊಡ್ಡಪ್ಪ ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಮಾಲೂರಿಗೆ ಹೋಗಿಬರತೊಡಗಿದರು. ಅವರು ಬರುತ್ತಾರೆಂದರೆ ಅಜ್ಜಿ ಬೆಳಗ್ಗೆಯೇ ತಲೆ ಬಾಚಿಕೊಂಡು ಬಾಗಿಲ ಕಡೆ ಮುಖ ಮಾಡಿ ಕೂರುತ್ತಾರೆ ಎಂದು ಮಗಳು ಹೇಳುತ್ತಿದ್ದರು.