ಹಲಗೆಗೆ ಅಂಗೈ ಒತ್ತಿ ಕೇಳಿದ ಕಾಕಾ

ಗೆಳೆಯರೇ, ಸೈಬರ್ ಕೆಫೆಯಲ್ಲಿ ಕೂತಿದ್ದೇನೆ, ಮೈ ಇನ್ನೂ ಜುಮ್ಮೆನ್ನುತ್ತಿದೆ. ಇವತ್ತು ಬಂಗೂರನಗರದ ಸಭಾಗೃಹದಲ್ಲಿ ನಾಲ್ವರು ವಿದೇಶಿಯರು ಎರಡು ಪಿಟೀಲು, ಒಂದು ವಯೋಲಾ, ನೆಲಕ್ಕೆ ಊರಿ ನುಡಿಸುವ ದೊಡ್ಡದೊಂದು ಚೆಲ್ಲೊ ಹಿಡಿದು ಈಗಿನ ಕಾಲದವರು ಬರೆದ ಸಂಗೀತವನ್ನಷ್ಟೇ ನುಡಿಸಿದರು. ಕೀರಲು, ಗುಡುಗು, ನಡುವೆ ಉದ್ದನೆಯ ಮೌನ. ಅರ್ಧ ಜನ ಎದ್ದುಹೋದರು.

ಮುಂದಿನ ಸಾಲಿನಲ್ಲಿದ್ದ ನಮ್ಮ ಕಾಕಾ ಏಳಲಿಲ್ಲ. ಮೂವತ್ತು ವರ್ಷ ಮಿಲ್ಲಿನ ಸದ್ದಿನಲ್ಲಿ ದುಡಿದು ಕಿವಿ ಮಂದವಾದವರು. ಮಷಿನ್ ಮುಟ್ಟಿಯೇ ಬೇರಿಂಗ್ ಹೋಗಿದ್ದನ್ನು ಹೇಳುತ್ತಿದ್ದ ರೂಢಿಯಂತೆ, ವೇದಿಕೆಯ ಹಲಗೆಗೆ ಅಂಗೈ ಒತ್ತಿ ಕಣ್ಣು ಮುಚ್ಚಿದ್ದರು.

ಮುಗಿದ ಮೇಲೆ ಚೆಲ್ಲೊ ನುಡಿಸಿದವಳ ಹತ್ತಿರ ಹೋಗಿ, "ಬಾಯಾರ, ದಪ್ಪ ತಂತಿ ಬಾರಿಸಿದಾಗ ಪೆಟಗಿ ಒಳಗ ಏನೋ ಸಡ್ಲ ಆಗೇತಿ, ನೋಡ್ರಿ" ಎಂದರು.

ನಾನು ನಾಚುತ್ತಲೇ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ವಾದ್ಯವನ್ನು ತಿರುಗಿಸಿ ಅಂಚಿನುದ್ದಕ್ಕೂ ಬೆರಳಿನಿಂದ ತಟ್ಟಿದಳು. ಒಂದು ಕಡೆ ಅಂಟು ಕೂದಲೆಳೆಯಷ್ಟು ಬಿಟ್ಟಿತ್ತು. ನಾಲ್ವರೂ ಎದ್ದು ಕಾಕಾಗೆ ತಲೆಬಾಗಿದರು.

ಇಲ್ಲಿಗೆ ಬರುವ ಮೊದಲು ಮನೆಗೆ ಹೋಗಿ ಕಾಕುಗೆ ಎಲ್ಲ ಹೇಳಿದೆ. ಕಾಕು ಗಂಡನನ್ನೇ ನೋಡುತ್ತ, "ಅಂದ್ರ ಇಷ್ಟ ವರ್ಷ ನಾ ಕರದದ್ದೂ ಕೇಳ್ತಿತ್ತು" ಎಂದರು.

ಆ ಮಾತೊಂದು ಮಾತ್ರ ಕಾಕಾಗೆ ಕೇಳಿಸಲಿಲ್ಲ.