‘ಹೋ’ ಅಂದರೆ ನಿಲ್ಲುವ ಕುದುರೆ

ದೋಣಿಗಲ್ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ನಾನು. ಹೋಂಸ್ಟೇ ಅತಿಥಿಗಳಿಗೆಂದು ಸಾಹುಕಾರರು ಕುದುರೆ ತಂದಾಗ, ಹಗ್ಗ ಹಿಡಿದು ಅದನ್ನು ನಡೆಸಿ ರೂಢಿ ಮಾಡಿಸುವ ಕೆಲಸ ನನಗೇ ಬಿತ್ತು. ದನ ಹೊಡ್ಕೊಂಡು ಬೆಳೆದವನು ನಾನು, ಇದೇನು ಮಹಾ ಅಂದುಕೊಂಡೆ.

“ಹೋ, ಹೋ ಮುಂದಕ್ಕೆ” ಅಂದರೆ ಕುದುರೆ ಗಕ್ಕನೆ ನಿಲ್ಲುತ್ತಿತ್ತು. ನನಗೆ ರೇಗಿತು. ಕಾಫಿ ಗಿಡದ ರೆಂಬೆ ಮುರಿದು ಬಾರಿಸಿದೆ. ಬೆದರಿ, ನನ್ನನ್ನೂ ಎಳೆದುಕೊಂಡು ನುಗ್ಗಿತು. ಮತ್ತೆ “ಹೋ” ಅಂದೆ, ಕಂಬದ ಹಾಗೆ ನಿಂತಿತು. ಮತ್ತೆ ಬಾರಿಸಿದೆ. ನಾಲ್ಕು ದಿನ ಹೀಗೇ ನಡೆಯಿತು.

ಐದನೇ ದಿನ, ಅದನ್ನು ಮೊದಲು ಸಾಕಿದ್ದ ಮುದುಕ ಜೀನು ಕೊಟ್ಟು ಹೋಗಲು ಬಂದ. ಇದು ಬಲು ಮೊಂಡು ಕಣಯ್ಯ ಅಂತ ದೂರು ಹೇಳಿದೆ. ನಡೆದದ್ದನ್ನೆಲ್ಲ ಕೇಳಿ, ಅವನು ಕುದುರೆಯ ಬಾಸುಂಡೆ ಸವರಿದ.

“ರೈಟರೇ, ಹೋ ಅಂದ್ರೆ ನಿಲ್ಲು ಅಂತ ನಾನೇ ಕಲ್ಸಿದ್ದು. ನೀವು ಹೇಳಿದ್ ಮಾತು ಕೇಳಿದ್ದಕ್ಕೇ ಏಟು ತಿಂದೈತೆ ಕಣ್ರೀ,” ಅಂದ.

ಅವತ್ತಿಂದ “ಬಾ” ಅಂತೀನಿ. ಹಗ್ಗ ಸಡಿಲ ಬಿಟ್ಟರೂ ಪಕ್ಕದಲ್ಲೇ ಬರುತ್ತೆ. ಎಷ್ಟು ಸಾಧು ಅಂತ ಅತಿಥಿಗಳು ಹೊಗಳುತ್ತಾರೆ. ಆದರೆ ನಾನು ಮೀಸೆ ತೀಡಲು ಕೈ ಎತ್ತಿದರೂ ಸಾಕು, ಅದು ಕಣ್ಣು ಮುಚ್ಚಿಕೊಳ್ಳುತ್ತೆ.

ಹೋದ ವಾರ ಮೀಸೆಯನ್ನೇ ತೆಗೆಸಿಬಿಟ್ಟೆ.