ಉಳಿದ ಆರು ದಾರಿ

ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿದ್ದುದು ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಿದರೆ ಮನಸ್ಸು ಮುರಿಯುತ್ತದೆಂದು ಅಮ್ಮ ನಮ್ಮನ್ನು ಆಡಲು ಬಿಡುತ್ತಿರಲಿಲ್ಲ. ನಾರಾವಿಯ ಆ ಮನೆಯಲ್ಲಿದ್ದ ಹುಡುಗಿಯರು ನಾವಿಬ್ಬರೇ. ಇನ್ನು ಯಾರೊಡನೆ ಆಡುವುದು? ನನಗೆ ಮೈಯೆಲ್ಲ ಉರಿಯುತ್ತಿತ್ತು.

ಐದನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಅಕ್ಕ ಕಾಯಿಗಳಿಗೆ ಬೇರೆ ಕೆಲಸ ಹುಡುಕಿದಳು. ಮನೆಗೂ ಶಾಲೆಗೂ ನಡುವೆ ಸಾಲಿಗೆ ಮೂರರಂತೆ ಒಂಬತ್ತು ಗದ್ದೆ. ಗದ್ದೆಯ ಸುತ್ತಿನ ಬದುಗಳು, ಅಂದರೆ ಹುಣಿಗಳೇ ನಮ್ಮ ದಾರಿ. ಅವನ್ನು ಇದ್ದಿಲಿನಿಂದ ನೆಲದ ಮೇಲೆ ಬರೆದಳು. ಎಡಕ್ಕೆ ಮೇಲೆ ಮನೆ, ಬಲಕ್ಕೆ ಕೆಳಗೆ ಶಾಲೆ. ಎಲ್ಲಿಯೂ ಹಿಂದಕ್ಕೆ ತಿರುಗದೆ ಎಷ್ಟು ಬಗೆಯಲ್ಲಿ ಹೋಗಬಹುದು? ನಾನು ಬೆರಳಿಟ್ಟು ಎಣಿಸುತ್ತ ಹನ್ನೊಂದಕ್ಕೆ ತಪ್ಪಿದೆ.

“ಪೂರಾ ದಾರಿ ಯಾಕೆ ಎಣಿಸ್ತಿ ಮಾರಾಯ್ತಿ?” ಎಂದಳು ಅಕ್ಕ. “ಮೇಲಿನ ಅಂಚಿನ ಮೂಲೆಗಳಿಗೂ ಎಡದ ಅಂಚಿನವಕ್ಕೂ ಒಂದೊಂದೇ ದಾರಿ, ಒಂದೊಂದು ಕಾಯಿ ಇಡು. ಉಳಿದ ಮೂಲೆಗೆ ಮೇಲಿಂದ ಬರಬೇಕು, ಇಲ್ಲದಿದ್ರೆ ಎಡದಿಂದ. ಆ ಎರಡು ಕಡೆ ಎಷ್ಟೆಷ್ಟು ಕಾಯಿ ಉಂಟೋ ಕೂಡಿಸಿದ್ರೆ ಆಯ್ತು.”

ಎರಡು, ಮೂರು, ನಾಲ್ಕು, ಆರು, ಹತ್ತು. ಶಾಲೆಯ ಮೂಲೆಗೆ ಇಪ್ಪತ್ತು ಬೇಕು. ಕೈಯಲ್ಲಿ ಉಳಿದದ್ದು ಏಳೇ.

“ಹಿಂದಿನ ಮೂಲೆಗಳ ಕೆಲಸ ಮುಗೀತಲ್ಲ, ಅಲ್ಲಿಂದ ತೆಗಿ” ಎಂದಳು. ತೆಗೆದೆ. ಮನೆಯ ಮೂಲೆಯ ಒಂದು ಕಾಯಿಯನ್ನು ಮಾತ್ರ ಮುಟ್ಟಲು ಬಿಡಲಿಲ್ಲ.

ಇಪ್ಪತ್ತು ದಾರಿಯನ್ನೂ ಇಬ್ಬರೂ ಜೊತೆಗೇ ನಡೆದು ಮುಗಿಸುವುದೆಂದು ಮಾತಾಯಿತು. ಶನಿವಾರ ಶನಿವಾರ ಅಕ್ಕ ಹೊಸದೊಂದು ದಾರಿಯಲ್ಲಿ ನನ್ನನ್ನು ಶಾಲೆಯವರೆಗೆ ಬಿಡುತ್ತಿದ್ದಳು. ಕಿಟಕಿಯಿಂದ ಒಮ್ಮೆ ಒಳಗೆ ಇಣುಕಿ ಹಿಂದಿರುಗುತ್ತಿದ್ದಳು. ಹದಿನಾಲ್ಕು ಮುಗಿಯುವಷ್ಟರಲ್ಲಿ ಅವಳಿಗೆ ಕಕ್ಕಿಂಜೆಯ ಗಂಡು ಗೊತ್ತಾಗಿ ಮದುವೆಯೂ ಆಗಿಹೋಯಿತು. ಉಳಿದ ಆರನ್ನು ನಾನು ತುಳಿಯಲೇ ಇಲ್ಲ. ಅವಳಿಗಾಗಿ ಕಾದೆ.

ಮುಂದಿನ ದೀಪಾವಳಿಗೆ ಬಂದವಳು ಮಾರನೆಯ ದಿನವೇ ಹೊರಡಬೇಕಂತೆ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಬೆಳಿಗ್ಗೆ ಅಂಗಳದ ಅಂಚಿನಲ್ಲಿ ನಿಂತು ಸೀರೆಯನ್ನು ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸುತ್ತ, “ಬಾ, ಆರು ಉಂಟಲ್ಲ, ಒಂದಾದ್ರೂ ಮುಗಿಸುವ” ಎಂದಳು.

“ಎಲ್ಲ ನಾನೊಬ್ಬಳೇ ಮುಗಿಸಿ ಆಯ್ತು” ಎಂದೆ.

ಅಕ್ಕ ಸಿಕ್ಕಿಸಿದ್ದ ಸೀರೆಯನ್ನು ಬಿಡಿಸಿ ಮೆಲ್ಲಗೆ ಪಾದದವರೆಗೆ ಇಳಿಬಿಟ್ಟು ಒಳಗೆ ಹೋದಳು. ಮುಂದಿನ ಸಲ ಬಂದಾಗ ಅವಳ ಕಂಕುಳಲ್ಲಿ ಮಗುವಿತ್ತು. ದಾರಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವಳ ಹಿಂದೆ ಆ ಹುಣಿಯ ಮೇಲೆ ನಡೆಯಬೇಕೆಂದು ಈ ವಯಸ್ಸಿನಲ್ಲೂ ಜೀವ ಹಾತೊರೆಯುತ್ತದೆ. ಆರೂ ಹಾಗೆಯೇ ಉಳಿದಿವೆ, ಅಕ್ಕ. ಅವತ್ತು ನಾನು ಹೇಳಿದ್ದು ಸುಳ್ಳು.